ಗುಡ್ಡದಲ್ಲಿ ಹಾಳುಬಿದ್ದ ಮನೆ: ನೋಡುವುದನ್ನು ತೋಡಿನಿಂದ ಶುರುಮಾಡಿ

ಉಡುಪಿ ಜಿಲ್ಲೆಯ ಹೆಬ್ರಿ ಮತ್ತು ಕಾರ್ಕಳಗಳ ಪೂರ್ವಕ್ಕೆ, ಘಟ್ಟದ ಬುಡದಲ್ಲಿ ಜನ ಬಿಟ್ಟುಹೋದ ಮನೆಗಳ ಪಂಚಾಂಗ (ಅಡಿಪಾಯ) ಅಲ್ಲಲ್ಲಿ ಕಾಣುತ್ತದೆ. ನೋಡಲು ಹೋದವರು ಹೆಚ್ಚಾಗಿ ಗೋಡೆಯ ಫೋಟೊ ತೆಗೆದು ವಾಪಸಾಗುತ್ತಾರೆ. ನಾನು ಗೋಡೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ನೀರು, ಅಂದರೆ ತೋಡು (ಸಣ್ಣ ಹಳ್ಳ), ಆಮೇಲೆ ಗದ್ದೆ, ಆಮೇಲೆ ಮನೆ. ಅಲ್ಲಿ ಬದುಕಿದವರೂ ನೀರು ನೋಡಿಯೇ ಜಾಗ ಹಿಡಿದದ್ದು ಅಲ್ವಾ?

ಹೊರಡುವ ಮೊದಲು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಪಹಣಿ ತೆಗೆಸಿ. ಖಾಸಗಿ ಜಾಗವಾದರೆ ಮನೆಯವರನ್ನು ಕೇಳಿ. ಸೋಮೇಶ್ವರ ಅಭಯಾರಣ್ಯ ಅಥವಾ ಕುದುರೆಮುಖ ಉದ್ಯಾನದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಜನವರಿ, ಫೆಬ್ರವರಿ ಒಳ್ಳೆಯ ಸಮಯ, ಹುಲ್ಲು ಒಣಗಿರುತ್ತದೆ. ಆದರೆ ಮಂಗನ ಕಾಯಿಲೆ ತರುವ ಉಣ್ಣೆಹುಳದ ಕಾಲವೂ ಅದೇ. ತುಂಬು ತೋಳಿನ ಅಂಗಿ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಕೈಯಲ್ಲಿ ಕೋಲು ಇರಲೇಬೇಕು. ಕಟ್ಟೆ ಇಲ್ಲದ ಹಳೆ ಬಾವಿಯ ಮೇಲೆ ಕಮ್ಯುನಿಸ್ಟ್ ಗಿಡ ಮುಚ್ಚಿಕೊಂಡಿರುತ್ತದೆ. ಕೋಲಿನಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬೇಡಿ. ಒಬ್ಬರೇ ಹೋಗಲೂಬೇಡಿ.

ತೋಡು ಹಿಡಿದು ಮೇಲಕ್ಕೆ ನಡೆಯಿರಿ. ಪ್ರತಿ ವರ್ಷ ಮಣ್ಣು, ಮರದಿಂದ ಹಾಕುತ್ತಿದ್ದ ಕಟ್ಟ (ತಾತ್ಕಾಲಿಕ ಒಡ್ಡು) ಈಗ ಇರುವುದಿಲ್ಲ. ಎರಡೂ ದಡದಲ್ಲಿ ಎದುರುಬದುರು ಕೂರಿಸಿದ ಕಲ್ಲು ಕೆಲವು ಕಡೆ ಉಳಿದಿರುತ್ತದೆ. ಅಲ್ಲಿಂದ ಗುಡ್ಡದ ಬದಿಯಲ್ಲೇ ಸಾಗುವ ಸಣ್ಣ ಕಣಿ (ಕಾಲುವೆ) ಸಿಕ್ಕರೆ ಬಿಡಬೇಡಿ. ಅದು ನಿಮ್ಮನ್ನು ಗದ್ದೆಗೆ ಮುಟ್ಟಿಸುತ್ತದೆ.

ಗದ್ದೆಯಲ್ಲಿ ಮರ ಬೆಳೆದರೂ ಮೆಟ್ಟಿಲು ಅಳಿಯುವುದಿಲ್ಲ. ಬೆಳಗಿನ ಓರೆ ಬಿಸಿಲಿಗೆ ಹುಣಿಯ (ಗದ್ದೆಯ ಬದುವಿನ) ನೆರಳು ಚೆನ್ನಾಗಿ ಕಾಣುತ್ತದೆ. ತಗ್ಗಿನಲ್ಲಿ ಬೈಲು ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಎಂದು 3 ಬೆಳೆ ಕೊಟ್ಟದ್ದು ಅದು. ಅದರ ಮೇಲೆ 2 ಬೆಳೆಯ ಮಜಲು. ಎಲ್ಲಕ್ಕಿಂತ ಮೇಲೆ ಬೆಟ್ಟು, ಮಳೆಯ ಒಂದೇ ಬೆಳೆ. ಪ್ರತಿ ಮೆಟ್ಟಿಲಿನ ಅಗಲ, ಹುಣಿಯ ಎತ್ತರ ಅಳೆದು ನಕ್ಷೆಯಲ್ಲಿ ಬರೆದುಕೊಳ್ಳಿ. ಗದ್ದೆ ಕಿರಿದು, ಕಲ್ಲು ಕಟ್ಟಿದ ಹುಣಿ ಎತ್ತರ ಅಂದರೆ ಏನರ್ಥ? ಒಂದು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿಗೆ ಬಹಳ ಬೆವರು ಸುರಿದಿದೆ. ಬೈಲು ಸಿಗದ ಒಕ್ಕಲಿನವರು ಮಾಡಿದ ಕೆಲಸ ಇರಬಹುದು. ಇದನ್ನು ಯಾವ ಗೋಡೆಯೂ ಹೇಳುವುದಿಲ್ಲ. ಗದ್ದೆಯ ನಡುವೆ ಬೆಳೆದ ಅತಿ ದಪ್ಪ ಮರದ ಸುತ್ತಳತೆಯನ್ನೂ ತೆಗೆಯಿರಿ. ಆ ಮರದ ವಯಸ್ಸಿಗಿಂತ ಮೊದಲೇ ಉಳುಮೆ ನಿಂತಿದೆ.

ಗದ್ದೆಯಂಚಿನಿಂದ ಮೇಲೆ ನೋಡಿ. ವರ್ಗ ಜಮೀನಿನ (ಕಂದಾಯ ಕಟ್ಟುವ ಸ್ವಂತ ಜಾಗದ) ಸುತ್ತ 100 ಗಜ ಕುಮ್ಕಿ, ಅಂದರೆ ಸೊಪ್ಪಿಗೆ ಹಕ್ಕಿರುವ ಸರ್ಕಾರಿ ಜಾಗ. ಗದ್ದೆಗೆ, ಹಟ್ಟಿಗೆ ಸೊಪ್ಪು ಬರುತ್ತಿದ್ದದ್ದು ಅಲ್ಲಿಂದ. ವರ್ಷವರ್ಷ ಸೊಪ್ಪು ಕಡಿಸಿಕೊಂಡ ಮರದ ಮೈ ಗಂಟುಗಂಟಾಗಿರುತ್ತದೆ.

ಈಗ ಮನೆ. ಮಾಡು (ಛಾವಣಿ) ಹೋದ ಮಣ್ಣಿನ ಗೋಡೆಗೆ ನಮ್ಮ ಮಳೆ ಸಾಕು, ವರ್ಷಕ್ಕೆ 4,000 ಮಿ.ಮೀ. ಆಸುಪಾಸು. ಕರಗಿ ದಿಬ್ಬವಾಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಂಚಾಂಗ ಮಾತ್ರ ನಿಲ್ಲುತ್ತದೆ. ಕೈಯಲ್ಲಿ ಕಡಿದ ಕಲ್ಲಾದರೆ ಏಟಿನ ಗುರುತು ಇರುತ್ತದೆ, ಮೆಷಿನ್ ಕಲ್ಲಿನ ಮೈ ಸಪಾಟು. ತುಳಸಿಕಟ್ಟೆ ಸಿಕ್ಕರೆ ಅಂಗಳ ಸಿಕ್ಕಿತು. ಮಸಿ ಹಿಡಿದ ಕಲ್ಲು ಬಚ್ಚಲಿನ ಒಲೆಯದೋ ಅಡುಗೆಯದೋ ಎಂದು ನೀರು ಹರಿದ ದಾರಿ ನೋಡಿ ತೀರ್ಮಾನಿಸಿ.

ಹಂಚಿನ ಚೂರು ತಿರುಗಿಸಿ, ಕಂಪನಿಯ ಹೆಸರು ಓದಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಹಾಗಾಗಿ ಆ ಹಂಚಿನ ಮಾಡು ಅದಕ್ಕಿಂತ ಹಳೆಯದಲ್ಲ. ಮನೆ ಹಳೆಯದಿರಬಹುದು, ಮೊದಲು ಮುಳಿಹುಲ್ಲು ಹೊದೆಸಿರಬಹುದು. ಹಂಚು ಕಡಿಮೆ ಸಿಕ್ಕಿತೆಂದು ಮನೆ ಸಣ್ಣದು ಅನ್ನಬೇಡಿ. ಬಿಟ್ಟುಹೋಗುವಾಗ ಹಂಚು, ಪಕ್ಕಾಸು (ಮಾಡಿನ ಮರ), ದಾರಂದ (ಬಾಗಿಲ ಚೌಕಟ್ಟು) ಎಲ್ಲ ಬಿಚ್ಚಿ ಒಯ್ಯುವುದುಂಟು.

ನೋಡಿದ ಚೂರನ್ನು ಇದ್ದಲ್ಲೇ ಇಡಿ. ಅಗೆಯುವುದು ಖಂಡಿತ ಬೇಡ. ನಾಗಬನದ ಕಲ್ಲಿಗೆ ಕೈ ಹಾಕಬೇಡಿ, ಮನೆ ಬಿಟ್ಟ ಕುಟುಂಬ ತಂಬಿಲಕ್ಕೆ (ನಾಗನ ಪೂಜೆಗೆ) ಇಂದಿಗೂ ಅಲ್ಲಿಗೇ ಬರುತ್ತಿರಬಹುದು.

ಆ ಕುಟುಂಬವನ್ನು ಹುಡುಕಿ. ನಿಮ್ಮ ನಕ್ಷೆಯನ್ನು ಅಜ್ಜಿಯ ಮುಂದೆ ಹರಡಿ, ಒಂದೊಂದು ಗದ್ದೆಯ ಹೆಸರು ಕೇಳಿ. ಬಾಕಿಮಾರು (ಮನೆಯೆದುರಿನ ದೊಡ್ಡ ಗದ್ದೆ) ಯಾವುದು, ನೇಜಿ (ಭತ್ತದ ಸಸಿ) ಹಾಕಿದ್ದು ಎಲ್ಲಿ, ಯಾವ ಗದ್ದೆಗೆ ನೀರು ಮೊದಲು. ಅವರು ತುಳುವಿನಲ್ಲಿ ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ನಕ್ಷೆಯ ಒಂದು ಪ್ರತಿ ಅವರಿಗೆ, ಇನ್ನೊಂದು ಊರಿನ ಶಾಲೆಗೆ ಕೊಡಿ.