ಮೊದಲ ಕೈತೋಟವೇ? ಸೊಪ್ಪಿನಿಂದ ಶುರು ಮಾಡಿ

ಹೊಸದಾಗಿ ಕೈತೋಟಕ್ಕೆ ಇಳಿದವರು ಸಾಮಾನ್ಯವಾಗಿ ನರ್ಸರಿಗೆ ಹೋಗಿ ಟೊಮೆಟೊ, ಕ್ಯಾಪ್ಸಿಕಂ, ಹೂಕೋಸಿನ ಸಸಿ ತರುತ್ತಾರೆ. ಮೂರೂ ನಾಜೂಕಿನ ಬೆಳೆ. ಎಲೆ ಮುದುರಿತು, ಹುಳ ಬಿತ್ತು ಅಂತ ಎರಡು ತಿಂಗಳಿಗೇ ಬೇಸರ ಬಂದುಬಿಡುತ್ತದೆ. ಮೈಸೂರು, ಮಂಡ್ಯ ಕಡೆಯ ಅಡುಗೆಮನೆಗೆ ದಿನಾ ಬೇಕಾದ್ದು ಸೊಪ್ಪು ಅಲ್ವಾ? ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಯಾವುದಕ್ಕಾದರೂ ಆದೀತು. ದಂಟು, ಮೆಂತ್ಯ ಬಿತ್ತಿದರೆ 25–30 ದಿನಕ್ಕೆ ಕೈಗೆ ಬರುತ್ತವೆ. ಮೊದಲ ಪಾತಿ ಅವುಗಳದ್ದೇ ಆಗಲಿ.

ಜಾಗ

30x40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಕಾಂಪೌಂಡ್ ಪಕ್ಕದ ಮೂರಡಿ ಪಟ್ಟಿ. ಅಷ್ಟು ಸಾಕು. ಆದರೆ ದಿನಕ್ಕೆ 5–6 ಗಂಟೆ ಬಿಸಿಲು ಬೀಳಬೇಕು. ಒಂದು ರಜಾ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ನೆರಳೇ ಜಾಸ್ತಿಯಿದ್ದರೆ ತಾರಸಿಯೇ ಗತಿ. ಒಂದು ಘನ ಅಡಿ ಒದ್ದೆ ಮಣ್ಣು ಹೆಚ್ಚುಕಡಿಮೆ 50 ಕೆ.ಜಿ. ತೂಗುತ್ತದೆ. ಹಾಗಾಗಿ ಮಣ್ಣು ತುಂಬಿ ಗಿಡ ಬೆಳೆಸುವ ಚೀಲಗಳನ್ನು ಗೋಡೆ, ತೊಲೆಗಳ ಮೇಲಿನ ಅಂಚಿಗೆ ಇಡಿ, ನಡುವೆ ಗುಡ್ಡೆ ಹಾಕಬೇಡಿ.

ಮಣ್ಣು

ಅರ್ಧ ಕೆಲಸ ಇಲ್ಲೇ ಇದೆ. ನಮ್ಮ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಸಾರ ನಿಲ್ಲುವುದಿಲ್ಲ. ಮಳೆ ಬಂದು ಬಿಸಿಲು ಹೊಡೆದರೆ ಮೇಲೆ ಹಪ್ಪಳದ ಹಾಗೆ ಗಟ್ಟಿ ಪದರ ಕಟ್ಟುತ್ತದೆ, ಸಣ್ಣ ಮೊಳಕೆ ಅದನ್ನು ಒಡೆದು ಬರಲಾರದು. ಇದಕ್ಕೆಲ್ಲ ಒಂದೇ ಮದ್ದು, ಗೊಬ್ಬರ.

ಗುದ್ದಲಿಯಿಂದ ಒಂದಡಿ ಆಳಕ್ಕೆ ಅಗೆಯಿರಿ. ಹೊಸ ಬಡಾವಣೆಯಾದರೆ ಮಣ್ಣಿಗಿಂತ ಜಲ್ಲಿ, ಗಾರೆ ಚೂರು, ಟೈಲ್ಸ್ ತುಂಡುಗಳೇ ಮೊದಲು ಸಿಗುತ್ತವೆ. ಎಲ್ಲವನ್ನೂ ಆರಿಸಿ ಹಾಕಿ. ತೀರಾ ಸಿಮೆಂಟ್ ಮಯವಾಗಿದ್ದರೆ ಹೊರಗಿನಿಂದ ಕೆಂಪು ಮಣ್ಣು ತರಿಸುವುದೇ ವಾಸಿ.

ಪಾತಿ ಮೂರಡಿ ಅಗಲ, ಆರಡಿ ಉದ್ದ ಇರಲಿ. ಕಾಂಪೌಂಡ್‌ಗೆ ಒರಗಿದ್ದರೆ ಅಗಲ ಎರಡೇ ಅಡಿ ಸಾಕು, ಇಲ್ಲದಿದ್ದರೆ ಒಳಗಿನ ಕಳೆ ಕೈಗೆ ಎಟುಕುವುದಿಲ್ಲ. ಅದಕ್ಕೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ, ನೆಲಕ್ಕಿಂತ ನಾಲ್ಕು ಇಂಚು ಎತ್ತರಿಸಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ನೀರು ನಿಲ್ಲಬಾರದು.

ಗೊಬ್ಬರ ಕೊಳ್ಳುವಾಗ ಒಂದು ಹಿಡಿ ಕೈಯಲ್ಲಿ ತೆಗೆದುಕೊಂಡು ನೋಡಿ. ಕಪ್ಪಾಗಿ ಪುಡಿಪುಡಿಯಾಗಿ ಉದುರಬೇಕು, ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಬಂದರೆ, ಒಳಗೆ ಬಿಸಿ ಇದ್ದರೆ ಇನ್ನೂ ಕಳಿತಿಲ್ಲ ಅಂತ ಅರ್ಥ. ಅದು ಬೇರನ್ನು ಸುಡುತ್ತದೆ. ನೆರಳಲ್ಲಿ ಒಂದೆರಡು ತಿಂಗಳು ಬಿಡಿ. ಹರಡುವಾಗ ಕಂದು ತಲೆಯ, ಬಿಳಿ ಮೈಯ, ಸುರುಟಿಕೊಂಡು ಮಲಗಿದ ದಪ್ಪ ಹುಳು ಕಂಡರೆ ಅದೇ ಗೊಣ್ಣೆ ಹುಳು. ಬೇರು ತಿನ್ನುತ್ತದೆ. ಎತ್ತಿ ಹಾಕಿ, ಕೋಳಿ, ಕಾಗೆ ನೋಡಿಕೊಳ್ಳುತ್ತವೆ.

ಬಿತ್ತನೆ

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಸುಮ್ನೆ ಎರಚಿದರೆ ಒಂದೇ ಕಡೆ ರಾಶಿ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ನಾಲ್ಕು ಹಿಡಿ ಮರಳು ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಗೊಬ್ಬರದ ಪುಡಿ ಉದುರಿಸಿ. ಇರುವೆ ಕಾಟವಿದ್ದರೆ ಪಾತಿಯ ಸುತ್ತ ಸ್ವಲ್ಪ ರವೆ ಹಾಕುವವರುಂಟು. ಅವು ಬೀಜ ಬಿಟ್ಟು ರವೆ ಹೊರಲಿ ಅಂತ.

ಮೆಂತ್ಯಕ್ಕೆ ಅಂಗಡಿಯ ಬೀಜ ಬೇಕಿಲ್ಲ. ಅಡುಗೆಮನೆ ಡಬ್ಬಿಯದನ್ನೇ ರಾತ್ರಿ ನೆನೆಸಿ ಬಿತ್ತಿದರೆ ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ. ಕೊತ್ತಂಬರಿಯನ್ನು ಮಾತ್ರ ನೆಲಕ್ಕೆ ಹಾಕಿ ಹಳೇ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ. ಅದು ಮೇಲೆ ಬರಲು ಹತ್ತು ದಿನವಾದರೂ ಬೇಕು, ಅಷ್ಟರಲ್ಲಿ ಕೆದಕಿ ನೋಡಬೇಡಿ.

ನೀರಿಗೆ ಪೈಪ್ ಬಿಟ್ಟರೆ ಬೀಜವೆಲ್ಲ ಮೂಲೆ ಸೇರುತ್ತದೆ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಚಿಮುಕಿಸಿ. ಮೊಳಕೆ ಬಂದ ಮೇಲೆ ಮಣ್ಣಿಗೆ ಒಂದು ಇಂಚು ಬೆರಳು ತೂರಿಸಿ ನೋಡಿ. ಒಳಗೆ ತಂಪಿದ್ದರೆ ಅಂದು ನೀರು ಬೇಡ.

ಕಳೆ ಕೀಳುವ ಮೊದಲು ಹಳ್ಳಿಯಿಂದ ಬಂದ ಹಿರಿಯರಿದ್ದರೆ ಕರೆದು ತೋರಿಸಿ. ಅಣ್ಣೆ ಸೊಪ್ಪು, ಹೊನಗೊನೆಯಂಥವು ಕಳೆಯ ಲೆಕ್ಕದಲ್ಲೇ ಬೆಳೆದಿರುತ್ತವೆ, ಬೆರಕೆ ಸೊಪ್ಪಿನ ಸಾರಿಗೆ ಬಲು ರುಚಿ. ಗುರುತು ಸಿಗದ್ದನ್ನು ತಿನ್ನಲು ಹೋಗಬೇಡಿ.

ಮುಂದಿನ ಪಾತಿ

ಸೊಪ್ಪು ಕೈ ಹಿಡಿದ ಮೇಲೆ ಬೆಂಡೆ ಹಾಕಿ. 45–50 ದಿನಕ್ಕೆ ಕಾಯಿ ಶುರು. ಎಲೆಯ ನರ ಹಳದಿಯಾಗುವ ನಂಜು ರೋಗವನ್ನು ಬಿಳಿ ನೊಣ ಹರಡುತ್ತದೆ. ಅದಕ್ಕೆ ಔಷಧಿಯಿಲ್ಲ, ಗಿಡ ಕಿತ್ತೇ ಹಾಕಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ತಳಿಯನ್ನು ಈ ರೋಗ ತಡೆಯಲೆಂದೇ ತಂದದ್ದು. ಗಿಡದ ರಸ ಹೀರುವ ಸಸ್ಯ ಹೇನು, ಹಿಟ್ಟು ತಿಗಣೆಗೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಎಲೆಯ ಅಡಿಗೂ ಹೊಡೆಯಿರಿ.

ಅವರೆ ಮಾತ್ರ ಕಾಲ ನೋಡಿ ಹಾಕಬೇಕು. ಸೊಗಡಿನ ನಾಟಿ ಅವರೆ ಹಗಲು ಕುಗ್ಗಿದಾಗಷ್ಟೇ ಹೂ ಬಿಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಾಕಿದರೆ ಡಿಸೆಂಬರ್ ಹೊತ್ತಿಗೆ ಕಾಯಿ. ಫೆಬ್ರವರಿಯಲ್ಲಿ ಹಾಕಿದರೆ ಬಳ್ಳಿ ತಿಂಗಳುಗಟ್ಟಲೆ ಹಬ್ಬುತ್ತದೆ, ಕಾಯಿಯ ಸುಳಿವಿರುವುದಿಲ್ಲ. ಬೇಸಿಗೆಯಲ್ಲೂ ಬೇಕೆಂದರೆ ಹೆಬ್ಬಾಳ ಅವರೆ ತಳಿ ಕೇಳಿ.

ಬೀಜ, ಸಸಿಯ ವಿಚಾರಕ್ಕೆ ಮೈಸೂರಿನವರು ಕರ್ಜನ್ ಪಾರ್ಕಿನ ತೋಟಗಾರಿಕೆ ಇಲಾಖೆಯಲ್ಲಿ, ಮಂಡ್ಯದವರು ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಅಂಗಡಿಯ ಪೊಟ್ಟಣವಾದರೆ ಅವಧಿ ಮುಗಿಯುವ ದಿನಾಂಕ ನೋಡಿಯೇ ದುಡ್ಡು ಕೊಡಿ. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.