ತಡಸಂಜೆಯ ವ್ಯಾಯಾಮದ ನಂತರ ಏನು ಉಣ್ಣಬೇಕು

ದಾವಣಗೆರೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಜಿಮ್‌ನಿಂದಲೋ ಗರಡಿಯಿಂದಲೋ ಹಸಿದು ಹೊರಟವರನ್ನು ಮಿರ್ಚಿ-ಮಂಡಕ್ಕಿ ಸೆಳೆಯುವುದು ಸಹಜವಾದರೂ, ಎಣ್ಣೆಯಲ್ಲಿ ಕರಿದ ಖಾರದ ತಿಂಡಿ ನಿಧಾನವಾಗಿ ಜೀರ್ಣವಾಗುವುದರಿಂದ ಮಲಗಿದಾಗ ಎದೆಯುರಿ ತರಬಹುದು. ಹಾಗೆಂದು ಬರಿಹೊಟ್ಟೆಯಲ್ಲಿ ಮಲಗಬೇಕಿಲ್ಲ. ದಣಿದ ಸ್ನಾಯುಗಳ ಚೇತರಿಕೆಗೆ ಸಾಮಾನ್ಯವಾಗಿ 20ರಿಂದ 30 ಗ್ರಾಂ ಪ್ರೋಟೀನ್ ಸಾಕು. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ ಮತ್ತು ತಲಾ ಸುಮಾರು 6 ಗ್ರಾಂ ಪ್ರೋಟೀನ್ ಇರುವ ಎರಡು ಬೇಯಿಸಿದ ಮೊಟ್ಟೆಗಳಲ್ಲಿ ಅಷ್ಟು ದೊರೆಯುತ್ತದೆ. ಮೊಟ್ಟೆ ತಿನ್ನದವರು ಪನೀರ್ ಸೇರಿಸಿಕೊಳ್ಳಬಹುದು. ಮಲಗಲು ಒಂದೇ ಗಂಟೆ ಉಳಿದಿದ್ದರೆ ರೊಟ್ಟಿಯ ಗೋಜು ಬೇಡ, ಒಂದು ಲೋಟ ಹಾಲು, ಬಾಳೆಹಣ್ಣು ಸಾಕು. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ನಿದ್ದೆಯಲ್ಲೂ ನಿಧಾನವಾಗಿ ಜೀರ್ಣವಾಗುತ್ತಿರುತ್ತದೆ. ಬೆವರಿನಲ್ಲಿ ಹೋದಷ್ಟು ನೀರನ್ನು ಒಮ್ಮೆಲೇ ಕುಡಿಯದೆ, ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ರಾತ್ರಿ ಸಕ್ಕರೆ ಇಳಿಯುವ ಸಾಧ್ಯತೆಯಿರುವುದರಿಂದ ವೈದ್ಯರನ್ನು ಕೇಳಿಯೇ ಈ ಕ್ರಮವನ್ನು ನಿರ್ಧರಿಸಬೇಕು.