ಕನ್ನಡ ತರಗತಿಯಲ್ಲಿ ಹ್ಯಾರಿಯೆಟ್ ಟಬ್ಮನ್

ಸಿನ್ಸಿನಾಟಿಯ ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಬರುವ ಮಕ್ಕಳಿಗೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಹೊಸ ವಿಷಯವಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡವರನ್ನು ಗುಟ್ಟಾಗಿ ಉತ್ತರಕ್ಕೆ ದಾಟಿಸುತ್ತಿದ್ದ ಜನರ, ಮನೆಗಳ, ದಾರಿಗಳ ಜಾಲಕ್ಕೆ ಆ ಹೆಸರು. ಕಪ್ಪು ಜನರ ಇತಿಹಾಸದ ತಿಂಗಳೆಂದು ಆಚರಿಸುವ ಫೆಬ್ರುವರಿ ಬಂದರೆ ಅವರ ಶಾಲೆಗಳಲ್ಲಿ ಅದರ ಪಾಠ ಆಗಿಯೇ ಆಗುತ್ತದೆ. ಕಿಟಕಿಯಲ್ಲಿ ಲಾಟೀನು, ನೆಲಮಾಳಿಗೆಯ ಗುಪ್ತ ಕೋಣೆ, ಕ್ವೇಕರ್ ಎಂಬ ಕ್ರೈಸ್ತ ಪಂಥದ ದಯಾಳು ದಂಪತಿ, ತಾನು ತಪ್ಪಿಸಿಕೊಂಡ ಮೇಲೆ ಮತ್ತೆ ಹೋಗಿ ಇತರರನ್ನೂ ಕರೆತಂದ, ಪಿಸ್ತೂಲು ಹಿಡಿದ ಹ್ಯಾರಿಯೆಟ್ ಟಬ್ಮನ್, ಇಷ್ಟು ಎಲ್ಲರಿಗೂ ಗೊತ್ತು. ಚಿಕ್ಕವರಲ್ಲಿ ಕೆಲವರು ಸುರಂಗದೊಳಗೆ ನಿಜವಾಗಿಯೂ ರೈಲು ಓಡುತ್ತಿತ್ತು ಎಂದು ನಂಬಿರುತ್ತಾರೆ. ಅದನ್ನು ತಿದ್ದಲು ಎರಡು ನಿಮಿಷ ಸಾಕು. ಕಷ್ಟವಾಗುವುದು ಇನ್ನೊಂದನ್ನು ತಿದ್ದುವುದು. ಮಕ್ಕಳ ಮನಸ್ಸಿನಲ್ಲಿರುವ ಚಿತ್ರದಲ್ಲಿ ಓಡಾಡುವವರೆಲ್ಲ ಸಹಾಯಕರು. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಮಾತ್ರ ಕತ್ತಲಲ್ಲಿ ಮುದುಡಿ ಕೂತು, ಯಾರಾದರೂ ಬರಲಿ ಎಂದು ಕಾಯುತ್ತಿರುತ್ತಾರೆ. ಆದರೆ ದಿನ ಆರಿಸಿದ್ದು, ಯಾರನ್ನು ನಂಬುವುದೆಂದು ತೀರ್ಮಾನಿಸಿದ್ದು, ದಾರಿಯ ಬಹುಭಾಗವನ್ನು ಯಾರ ಆಸರೆಯೂ ಇಲ್ಲದೆ ನಡೆದದ್ದು ಅವರೇ. ನನ್ನ ಪಾಠವೆಲ್ಲ ಇದೊಂದರ ಸುತ್ತ ಇದೆ.

‘ಕನ್ನಡ ಕ್ಲಾಸಲ್ಲಿ ಇದೆಲ್ಲ ಯಾಕೆ ಮೇಡಂ, ನಾಲ್ಕು ವಚನ ಹೇಳಿಕೊಡಿ ಸಾಕು’ ಎಂದ ಪೋಷಕರೂ ಇದ್ದಾರೆ. ವಚನವನ್ನೂ ಹೇಳಿಕೊಡುತ್ತೇವೆ. ಆದರೆ ಊಟ, ತಿಂಡಿ, ಹಬ್ಬಕ್ಕೆ ಮಾತ್ರ ಕನ್ನಡ ಬಳಸುವ ಮಗು ಸ್ವಲ್ಪ ಭಾರದ ವಿಷಯ ಬಂದ ಕೂಡಲೇ ಇಂಗ್ಲಿಷಿಗೆ ಜಾರುತ್ತದೆ. ಅಲ್ಲದೆ ಅಜ್ಜಿ ತಾತ ಊರಿಂದ ಬಂದಾಗ ಕರೆತರಲು ಹೋಗುವ ನಮ್ಮ ವಿಮಾನ ನಿಲ್ದಾಣ ಇರುವುದೇ ಕೆಂಟಕಿಯಲ್ಲಿ. ಅಲ್ಲಿಗೆ ಹೋಗುವಾಗ ಮಕ್ಕಳು ಸೇತುವೆಯ ಮೇಲೆ ಫೋನ್ ನೋಡುತ್ತಾ ದಾಟುವ ಒಹಾಯೊ ನದಿಯೇ ಗುಲಾಮಗಿರಿ ಇದ್ದ, ಇಲ್ಲದ ನೆಲಗಳ ಆಗಿನ ಗಡಿ.

ಹಾಗಾಗಿ ನಾನು ನದಿಯಿಂದಲೇ ಶುರುಮಾಡುತ್ತೇನೆ. ನದಿಯ ಉತ್ತರದ ನೆಲದಲ್ಲಿ ಗುಲಾಮಗಿರಿ ಕೂಡದು ಎಂದು 1787ರಲ್ಲೇ ಕಾನೂನಾಗಿತ್ತು. ದಕ್ಷಿಣದ ಕೆಂಟಕಿಯಲ್ಲಿ ಅದು ನಡೆಯುತ್ತಲೇ ಇತ್ತು. ‘ಹಾಗಾದ್ರೆ ನದಿ ದಾಟಿದ್ರೆ ಮುಗೀತಲ್ಲ ಆಂಟಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಬೋರ್ಡಿನ ಮೇಲೆ 10 ಮತ್ತು 5 ಎಂದು ಎರಡು ಅಂಕಿ ಬರೆಯುತ್ತೇನೆ. ತಪ್ಪಿಸಿಕೊಂಡವರನ್ನು ಉತ್ತರದ ರಾಜ್ಯಗಳಲ್ಲೂ ಹಿಡಿದು ಒಪ್ಪಿಸಬೇಕೆಂದ 1850ರ ಕಾನೂನಿನ ಪ್ರಕಾರ, ಸಿಕ್ಕಿಬಿದ್ದ ವ್ಯಕ್ತಿಯನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣೆ ನಡೆಸಿದ ಕಮಿಷನರ್‌ಗೆ 10 ಡಾಲರ್, ಬಿಟ್ಟುಬಿಟ್ಟರೆ 5 ಡಾಲರ್. ಒಪ್ಪಿಸುವಾಗ ಕಾಗದಪತ್ರದ ಕೆಲಸ ಜಾಸ್ತಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಸಿಕ್ಕಿಬಿದ್ದವರಿಗೆ ತಮ್ಮ ಪರವಾಗಿ ಸಾಕ್ಷಿ ಹೇಳುವ ಹಕ್ಕಿಲ್ಲ, ಜ್ಯೂರಿ ಇಲ್ಲ. ಸಹಾಯ ಮಾಡಿದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಈ ಎರಡು ಅಂಕಿಗಳ ಅರ್ಥ ಬಿಡಿಸಿಕೊಂಡ ಮಕ್ಕಳು ಭೂಪಟದಲ್ಲಿ ತಾವಾಗಿಯೇ ಇನ್ನೂ ಮೇಲಕ್ಕೆ ಬೆರಳಾಡಿಸುತ್ತಾರೆ, ಈರಿ ಸರೋವರ ದಾಟಿ ಕೆನಡಾದ ತನಕ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಲ್ಲಿ 1834ರಲ್ಲಿ ಗುಲಾಮಗಿರಿ ಮುಗಿದಿತ್ತು.

ಆಮೇಲಿನದು ಜಾಹೀರಾತು ಓದುವುದು. ನನ್ನ ಪಾಠದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ತಪ್ಪಿಸಿಕೊಂಡವರನ್ನು ಹಿಡಿದುಕೊಟ್ಟರೆ ಇನಾಮು ಎಂದು ಒಡೆಯರು ಪತ್ರಿಕೆಗಳಿಗೆ ಕೊಡುತ್ತಿದ್ದ ಸಾವಿರಾರು ಜಾಹೀರಾತುಗಳು ಉಳಿದುಕೊಂಡಿವೆ. ನಾನು ಆರಿಸಿಕೊಂಡದ್ದು ಮೇರಿಲ್ಯಾಂಡಿನ ಎಲೈಜಾ ಬ್ರೋಡೆಸ್ ಎಂಬಾಕೆ 3 ಅಕ್ಟೋಬರ್ 1849ರ ತಾರೀಖು ಹಾಕಿ ಕೊಟ್ಟದ್ದನ್ನು. ಹ್ಯಾರಿ, ಬೆನ್, ಮಿಂಟಿ ಎಂಬ ಮೂವರು ಸೆಪ್ಟೆಂಬರ್ 17ರಿಂದ ಕಾಣೆ. ಮಿಂಟಿಗೆ ಸುಮಾರು 27 ವರ್ಷ, ಐದಡಿ ಎತ್ತರ, ನೋಡಲು ಚೆನ್ನಾಗಿದ್ದಾಳೆ. ರಾಜ್ಯದಾಚೆ ಹಿಡಿದರೆ ತಲೆಗೆ 100 ಡಾಲರ್, ರಾಜ್ಯದೊಳಗೆ ಸಿಕ್ಕರೆ 50. ಈ ಮಿಂಟಿಯೇ ಹ್ಯಾರಿಯೆಟ್ ಟಬ್ಮನ್ ಎಂದು ನಾನು ಮೊದಲೇ ಹೇಳುವುದಿಲ್ಲ.

ಮಕ್ಕಳಿಗೆ ಕೊಡುವ ಕೆಲಸ ಇಷ್ಟೇ: ಜಾಹೀರಾತು ಕೊಟ್ಟವಳಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಎರಡು ಪಟ್ಟಿ ಮಾಡಿ. ಮೊದಲ ಪಟ್ಟಿ ಬೇಗ ಮುಗಿಯುತ್ತದೆ: ಬಣ್ಣ, ಎತ್ತರ, ವಯಸ್ಸು, ಅದೂ ಅಂದಾಜು. ಎರಡನೆಯದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲಿಗೆ ಹೋದರು, ಯಾರಿಗೆ ಹೇಳಿ ಹೋದರು, ಏನು ತಿಂದರು, ಯಾಕೆ ಹೋದರು. ಸೆಪ್ಟೆಂಬರ್ 17ಕ್ಕೆ ಹೋದವರಿಗೆ ಅಕ್ಟೋಬರ್ 3ರ ಜಾಹೀರಾತು ಯಾಕೆ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿದಳು. ಇವರನ್ನು ಬೇರೆಯವರ ಬಳಿ ಬಾಡಿಗೆಗೆ ದುಡಿಯಲು ಬಿಟ್ಟಿದ್ದರಿಂದ ಒಡತಿಗೆ ಸುದ್ದಿಯೇ ತಡವಾಗಿ ತಿಳಿದಿರಬಹುದು ಎಂಬುದು ಇತಿಹಾಸಕಾರರ ಊಹೆ. ಮನುಷ್ಯರನ್ನು ಬಾಡಿಗೆಗೆ ಕೊಡುತ್ತಿದ್ದರೇ ಎಂದು ಅಲ್ಲಿಂದ ಇನ್ನೊಂದು ಮಾತು ಹೊರಟಿತು. ಗುಲಾಮಗಿರಿ ಎಂದರೆ ಏನೆಂದು ಚಾವಟಿಯ ಚಿತ್ರವಿಲ್ಲದೆ ಎಂಟು ವರ್ಷದವರಿಗೆ ತಿಳಿಸಲು ನನಗೆ ಸಿಕ್ಕ ಒಳ್ಳೆಯ ದಾರಿ ಇದು: ಬಾಡಿಗೆ, ಬೆಲೆ, ಮಾರಾಟ. ಟಬ್ಮನ್‌ಳ ಮೂವರು ಅಕ್ಕಂದಿರನ್ನು ದೂರದ ದಕ್ಷಿಣಕ್ಕೆ ಮಾರಿಬಿಟ್ಟಿದ್ದರು. ಅಷ್ಟು ಹೇಳಿದರೆ ‘ಯಾಕೆ ಹೋದರು’ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಆ ಸಲ ಅವಳ ತಮ್ಮಂದಿರಾದ ಹ್ಯಾರಿ, ಬೆನ್ ಹೆದರಿ ಹಿಂದಿರುಗಿದರು, ಅವಳನ್ನೂ ಎಳೆದುಕೊಂಡು ಬಂದರು. ಸ್ವಲ್ಪ ಸಮಯದಲ್ಲೇ ಅವಳು ಮತ್ತೆ ಹೊರಟಳು, ಒಬ್ಬಳೇ. ಶಾಲೆಯ ಪುಸ್ತಕಗಳು ಈ ಹಿಂದಿರುಗಿದ ಭಾಗವನ್ನು ಅವಸರದಲ್ಲಿ ದಾಟುತ್ತವೆ; ನನಗೆ ಅಲ್ಲಿಯೇ ನಿಲ್ಲಬೇಕು ಅನ್ನಿಸುತ್ತದೆ. ಬೆನ್‌ಗೆ ಆಗಷ್ಟೇ ಮಗು ಹುಟ್ಟಿತ್ತೇನೋ ಎನ್ನುತ್ತಾರೆ. ಹಿಂದಿರುಗಿದವನು ಹೇಡಿಯೇ ಎಂದು ಕೇಳಿದರೆ ತರಗತಿಯಲ್ಲಿ ಜೋರು ಜಗಳವೇ ಆಗುತ್ತದೆ, ಅದೂ ಕನ್ನಡದಲ್ಲಿ. ಐದು ವರ್ಷದ ನಂತರ, 1854ರ ಕ್ರಿಸ್‌ಮಸ್ ಹೊತ್ತಿಗೆ, ಅವಳೇ ಹೋಗಿ ಅದೇ ತಮ್ಮಂದಿರನ್ನು ಕರೆತಂದಳು ಎಂದಾಗ ಜಗಳ ನಿಲ್ಲುತ್ತದೆ.

ಮುಂದೆ ಅವಳು ಬೇರೆಯವರನ್ನು ಕರೆತರುವಾಗ ಬಳಸಿದ ಉಪಾಯಗಳನ್ನು ಪ್ರಶ್ನೆಯಾಗಿಯೇ ಇಡುತ್ತೇನೆ. ಯಾವ ಕಾಲದಲ್ಲಿ ಹೊರಡಬೇಕು? ಎಲ್ಲರೂ ಬೇಸಿಗೆ ಎನ್ನುತ್ತಾರೆ; ಅವಳು ಆರಿಸಿದ್ದು ರಾತ್ರಿ ಉದ್ದವಿರುವ ಚಳಿಗಾಲವನ್ನು. ಯಾವ ವಾರ? ಶನಿವಾರ ಸಂಜೆ, ಏಕೆಂದರೆ ಸೋಮವಾರದ ತನಕ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಲು ಆಗುವುದಿಲ್ಲ. ಓದು ಬರಹ ಬಾರದ ಹೆಂಗಸಿಗೆ ದಿಕ್ಕು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ಮಕ್ಕಳು ಬೇರೆಯವರಿಗಿಂತ ಬೇಗ ಉತ್ತರ ಕೊಡುತ್ತಾರೆ, ಧ್ರುವನ ಕಥೆ ಕೇಳಿ ಬೆಳೆದವರಲ್ಲವೇ. ಮೋಡವಿಲ್ಲದ ಸಂಜೆ ಹೊರಗೆ ಕರೆದೊಯ್ದು ಸಪ್ತರ್ಷಿ ಮಂಡಲದಿಂದ ಧ್ರುವ ನಕ್ಷತ್ರ ಹುಡುಕಿಸುತ್ತೇನೆ. ತೋಳು ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ಇಲ್ಲಿ ಧ್ರುವ ದಿಗಂತದಿಂದ ನಾಲ್ಕು ಮುಷ್ಟಿ ಮೇಲೆ. ಬೆಂಗಳೂರಿನಲ್ಲಿ ಒಂದು ಮುಷ್ಟಿಗಿಂತ ತುಸು ಹೆಚ್ಚು. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾಳಿಗೆ ಹತ್ತಿ ಅಳೆದು ಬನ್ನಿ ಎಂದು ಹೋಮ್‌ವರ್ಕ್ ಕೊಡುತ್ತೇನೆ. ಒಂದಿಬ್ಬರು ಮಾಡಿಕೊಂಡು ಬರುತ್ತಾರೆ, ಉಳಿದವರು ಮಾವಿನಹಣ್ಣು ತಿಂದು ಬರುತ್ತಾರೆ.

ನಾನು ಮಾಡಿಸದೇ ಇರುವುದು ಆಟ. ದೀಪ ಆರಿಸಿ, ಕೆಲವರನ್ನು ಗುಲಾಮರನ್ನಾಗಿ, ಕೆಲವರನ್ನು ಬೇಟೆಗಾರರನ್ನಾಗಿ ಮಾಡಿ ಮೇಜಿನಡಿ ತೆವಳಿಸುವ ಚಟುವಟಿಕೆ ಇಲ್ಲಿ ಬಹಳ ಕಡೆ ನಡೆದಿದೆ. ಮಕ್ಕಳು ನಗುತ್ತಾರೆ, ಅದು ಅವರ ತಪ್ಪಲ್ಲ, ಕಣ್ಣಾಮುಚ್ಚಾಲೆ ಆಡಿಸಿದರೆ ನಗಲೇಬೇಕು. ಹೆನ್ರಿ ಬಾಕ್ಸ್ ಬ್ರೌನ್ 1849ರಲ್ಲಿ ತನ್ನನ್ನೇ ಪೆಟ್ಟಿಗೆಯಲ್ಲಿಟ್ಟು ರಿಚ್ಮಂಡಿನಿಂದ ಫಿಲಡೆಲ್ಫಿಯಾಕ್ಕೆ ಪಾರ್ಸೆಲ್ ಮಾಡಿಸಿಕೊಂಡದ್ದನ್ನು ಹೇಳುವಾಗ ನಾನು ನೆಲದ ಮೇಲೆ ಟೇಪಿನಿಂದ ಮೂರಡಿ ಉದ್ದ, ಎರಡಡಿ ಅಗಲದ ಚೌಕ ಹಾಕಿ, ಸುಮಾರು 27 ಗಂಟೆ ಎಂದು ಪಕ್ಕದಲ್ಲಿ ಬರೆಯುತ್ತೇನೆ. ಒಳಗೆ ಯಾರನ್ನೂ ಕೂರಿಸುವುದಿಲ್ಲ. ನೋಡಿದರೆ ಸಾಕು.

ಮಕ್ಕಳಿಗೆ ಅತ್ಯಂತ ಇಷ್ಟವಾಗುವುದು ವಿಲಿಯಂ ಸ್ಟಿಲ್. ಫಿಲಡೆಲ್ಫಿಯಾದಲ್ಲಿ ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿದ್ದ ಈ ಕಪ್ಪು ಗುಮಾಸ್ತ, ತಪ್ಪಿಸಿಕೊಂಡು ಬಂದವರ ಹೆಸರು, ಊರು, ಬಿಟ್ಟುಬಂದ ಬಂಧುಗಳು, ಇಟ್ಟುಕೊಂಡ ಹೊಸ ಹೆಸರು, ಎಲ್ಲ ಕೇಳಿ ಬರೆದಿಡುತ್ತಿದ್ದ. ಸಿಕ್ಕಿದರೆ ಎಲ್ಲರಿಗೂ ಅಪಾಯ ತರುವ ದಾಖಲೆ; ಬಚ್ಚಿಟ್ಟು ಕಾಪಾಡಿ, 1872ರಲ್ಲಿ ಪುಸ್ತಕವಾಗಿ ತಂದ. 1850ರಲ್ಲಿ ಪೀಟರ್ ಎಂಬ ನಡುವಯಸ್ಸಿನವನೊಬ್ಬ, ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡು, ಹೆತ್ತವರನ್ನು ಹುಡುಕುತ್ತಾ ಇವನ ಮುಂದೆ ಬಂದು ಕೂತ. ತಂದೆ ತಾಯಿಯ ಹೆಸರೇನು ಎಂದು ವಿಲಿಯಂ ಕೇಳಿದ. ಉತ್ತರ ಕೇಳುತ್ತಾ ಹೋದ ಹಾಗೆ, ಎದುರಿಗಿರುವವನು ತಾನು ಎಂದೂ ನೋಡದ ಸ್ವಂತ ಅಣ್ಣ ಎಂದು ತಿಳಿಯಿತು. ತಾಯಿ ತಪ್ಪಿಸಿಕೊಂಡು ಬರುವಾಗ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಬರಬೇಕಾಗಿತ್ತು, ಅವರಲ್ಲೊಬ್ಬ ಇವನು. ಇದನ್ನು ಹೇಳಿದ ವಾರ ಮಕ್ಕಳಿಗೆ ಅದೇ ಪ್ರಶ್ನೆಗಳನ್ನು ಕೊಟ್ಟು ಅಜ್ಜ ಅಜ್ಜಿಯರನ್ನು ವಿಡಿಯೊ ಕರೆಯಲ್ಲಿ ಮಾತಾಡಿಸಿ ಬರೆದು ತರಲು ಹೇಳುತ್ತೇನೆ. ಮುತ್ತಜ್ಜಿಯ ಹೆಸರು ಎಷ್ಟೋ ಅಪ್ಪಂದಿರಿಗೇ ಗೊತ್ತಿರುವುದಿಲ್ಲ.

ವಸಂತದಲ್ಲಿ ಒಂದು ದಿನ ರಿಪ್ಲಿಗೆ ಹೋಗುತ್ತೇವೆ, ನದಿಯ ಪಕ್ಕದ ಚಿಕ್ಕ ಊರು, ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಗುಡ್ಡದ ಮೇಲೆ, ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಡುತ್ತಿದ್ದ ಪಾದ್ರಿ ಜಾನ್ ರ‍್ಯಾಂಕಿನ್ ಮನೆ ಇದೆ. ಪುಟ್ಟ ಮನೆ, ಅದರಲ್ಲಿ ಹದಿಮೂರು ಮಕ್ಕಳು. ಎಲ್ಲರೂ ಅಲ್ಲಿಗೇ ಹೋಗಿ ವಾಪಸಾಗುತ್ತಾರೆ. ನೀವು ಕೆಳಗೆ ನದಿದಂಡೆಯ ಜಾನ್ ಪಾರ್ಕರ್ ಮನೆಯನ್ನು ಬಿಡಬೇಡಿ. ಗುಲಾಮನಾಗಿ ಹುಟ್ಟಿ, ಎಂಟನೇ ವಯಸ್ಸಿಗೆ ಮಾರಾಟವಾಗಿ, 1845ರಲ್ಲಿ ದುಡಿದು ಬಿಡುಗಡೆ ಕೊಂಡುಕೊಂಡ ಈತ ಇಲ್ಲಿ ಕಬ್ಬಿಣದ ಎರಕದ ಕಾರ್ಖಾನೆ ನಡೆಸಿದ, ಪೇಟೆಂಟುಗಳನ್ನೂ ಪಡೆದ. ರಾತ್ರಿ ದೋಣಿ ಹತ್ತಿ ಕೆಂಟಕಿಗೆ ಹೋಗಿ ಜನರನ್ನು ಕರೆತರುತ್ತಿದ್ದ. ಒಂದು ಜೋಡಿ ಓಡಿಹೋಗದಿರಲಿ ಎಂದು ಒಡೆಯ ಅವರ ಕೂಸನ್ನು ದಿನಾ ರಾತ್ರಿ ತನ್ನ ಮಂಚದ ಕಾಲಬುಡದಲ್ಲಿ ಮಲಗಿಸಿಕೊಳ್ಳುತ್ತಿದ್ದನಂತೆ, ಪಕ್ಕದ ಕುರ್ಚಿಯ ಮೇಲೆ ಪಿಸ್ತೂಲು. ಪಾರ್ಕರ್ ಆ ಕೋಣೆಗೇ ನುಗ್ಗಿ ಕೂಸನ್ನು ಎತ್ತಿಕೊಂಡು ಬಂದದ್ದನ್ನು ಮುಂದೆ ತಾನೇ ಹೇಳಿ ಬರೆಸಿದ್ದಾನೆ. ಅವನ ಮನೆಯ ಮುಂದೆ ನಿಂತು, ಎದುರು ದಡ ನೋಡುತ್ತಾ ಇದನ್ನು ಹೇಳಬೇಕು.

ಕೌದಿಯ ಮಾತೂ ಬರುತ್ತದೆ. ಬೇಲಿಯ ಮೇಲೆ ಒಣಹಾಕಿದ ಕೌದಿಯ ವಿನ್ಯಾಸದಲ್ಲಿ ದಾರಿಯ ಗುಟ್ಟು ಇರುತ್ತಿತ್ತು ಎಂದು ಶಾಲೆಯಲ್ಲಿ ಬಣ್ಣದ ಕಾಗದದ ಚೌಕ ಅಂಟಿಸಿ ಬಂದಿರುತ್ತಾರೆ. 1999ರ ನಂತರ ಹಬ್ಬಿದ ಈ ಕಥೆಗೆ ಆಧಾರವಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಸ್ಟಿಲ್ ಬರೆದಿಟ್ಟ ನೂರಾರು ಜನರ ವಿವರಗಳಲ್ಲಿ ಇಂಥ ಗುಟ್ಟಿನ ಲಿಪಿ ಇಲ್ಲ. ಮಕ್ಕಳ ಮುಖ ಬಾಡುತ್ತದೆ. ಆಗ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿದ ಕೌದಿಗಳ ಚಿತ್ರ ತೋರಿಸುತ್ತೇನೆ. ಪೋರ್ಚುಗೀಸರೂ ಇತರರೂ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶದವರು ಸಿದ್ದಿಗಳು. ಅವರ ಹಿರಿಯರಲ್ಲಿ ಹಲವರು ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರು ಮನೆಯಲ್ಲಿ ಆಡುವ ಮಾತುಗಳಲ್ಲಿ ಕನ್ನಡವೂ ಇದೆ ಎಂದಾಗ ಮಕ್ಕಳು ನಂಬುವುದೇ ಇಲ್ಲ. ನಮ್ಮಲ್ಲೂ ಇತ್ತಾ ಎಂದು ಕೇಳಿದವರಿಗೆ ಹೌದು ಎನ್ನುತ್ತೇನೆ. ಜೀತದ ವಿಷಯವನ್ನೂ, ಅದನ್ನು ನಿಷೇಧಿಸಿದ ಕಾನೂನು ಬಂದದ್ದು 1976ರಲ್ಲಿ ಎಂಬುದನ್ನೂ ಹೇಳುತ್ತೇನೆ. ಇದಕ್ಕೆ ಮುಖ ಸಿಂಡರಿಸುವ ಪೋಷಕರೂ ಇದ್ದಾರೆ.

ಮಾರ್ಗರೆಟ್ ಗಾರ್ನರ್ ವಿಷಯವನ್ನು ಚಿಕ್ಕವರ ಮುಂದೆ ಎತ್ತುವುದಿಲ್ಲ. 1856ರ ಜನವರಿಯಲ್ಲಿ ಹೆಪ್ಪುಗಟ್ಟಿದ ನದಿ ದಾಟಿ ಸಿನ್ಸಿನಾಟಿಗೆ ಬಂದ ಆ ತಾಯಿ, ಬೆನ್ನಟ್ಟಿದವರು ಮನೆ ಸುತ್ತುವರಿದಾಗ ಎಳೆಯ ಮಗಳನ್ನು ತನ್ನ ಕೈಯಾರೆ ಕೊಂದಳು. ಹೈಸ್ಕೂಲಿನವರಿಗೆ ಮಾತ್ರ, ಅವರ ಮನೆಯವರಿಗೆ ಮೊದಲೇ ತಿಳಿಸಿ ಹೇಳುತ್ತೇನೆ.

ದೊಡ್ಡ ಮಕ್ಕಳೊಂದಿಗೆ ಕೊನೆಗೆ ಮಾಡುವುದು ಲೆಕ್ಕ. 1860ರ ಗಣತಿಯಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 39.5 ಲಕ್ಷ. ಹಿಂದಿನ ಒಂದು ವರ್ಷದಲ್ಲಿ ತಪ್ಪಿಸಿಕೊಂಡವರು ಎಂದು ಅದೇ ಗಣತಿ ಬರೆದುಕೊಂಡದ್ದು ಸಾವಿರಕ್ಕೂ ಕಡಿಮೆ. ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚೇ ಇದ್ದೀತು. ಟಬ್ಮನ್ ಸುಮಾರು 13 ಸಲ ಹೋಗಿ ಕರೆತಂದದ್ದು 70 ಜನರನ್ನು. ಹಳೆಯ ಪುಸ್ತಕಗಳ 300 ಉಬ್ಬಿಸಿದ ಸಂಖ್ಯೆ. ‘ಹಾಗಾದ್ರೆ ಮಿಕ್ಕಿದವರು?’ ಎಂದು ಕಳೆದ ವರ್ಷ ಒಬ್ಬ ಕೇಳಿದ. ಅದಕ್ಕೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧಕ್ಕೇ ಬರಬೇಕು: 1861ರ ಮೇ ತಿಂಗಳಲ್ಲಿ ಮೂವರು ದೋಣಿಯಲ್ಲಿ ಮನ್ರೋ ಕೋಟೆಯ ಉತ್ತರದ ಸೈನ್ಯವನ್ನು ಸೇರಿಕೊಂಡದ್ದು, ಅವರ ಹಿಂದೆ ಲಕ್ಷಾಂತರ ಜನ ಹೊಲಗದ್ದೆ ಬಿಟ್ಟು ಎದ್ದು ಬಂದದ್ದು, 1863ರಲ್ಲಿ ಟಬ್ಮನ್ ಸೈನ್ಯಕ್ಕೆ ದಾರಿ ತೋರಿಸಿ ಕೊಂಬಾಹೀ ನದಿಯ ದಂಡೆಯಿಂದ 700ಕ್ಕೂ ಹೆಚ್ಚು ಜನರನ್ನು ಬಿಡಿಸಿದ್ದು. ಗುಲಾಮನಾಗಿದ್ದ ರಾಬರ್ಟ್ ಸ್ಮಾಲ್ಸ್ 1862ರಲ್ಲಿ ಕ್ಯಾಪ್ಟನ್ನಿನ ಹುಲ್ಲುಟೋಪಿ ಹಾಕಿಕೊಂಡು, ಸರಿಯಾದ ಸೀಟಿ ಊದುತ್ತಾ, ಚಾರ್ಲ್‌ಸ್ಟನ್ ಬಂದರಿನಲ್ಲಿ ದಕ್ಷಿಣದವರ ಕೋಟೆಗಳ ಮುಂದೆಯೇ ಅವರದೇ ಹಡಗು ನಡೆಸಿಕೊಂಡು ತಪ್ಪಿಸಿಕೊಂಡು ಹೋದದ್ದನ್ನು ಈ ವರ್ಷಕ್ಕೆ ಇಟ್ಟುಕೊಂಡಿದ್ದೇನೆ. ಬಂದರಿನ ನಕ್ಷೆ ಬರೆಯುವ ಕೆಲಸವನ್ನು ಆ ಪ್ರಶ್ನೆ ಕೇಳಿದವನಿಗೇ ವಹಿಸಿದ್ದೇನೆ.